ಸರಕಾರ ಮುಚ್ಚಿದ ಸುರಂಗ

ವಿಜಯಪುರದ ಗೋಳಗುಮ್ಮಟದ ಬಾಗಿಲಲ್ಲಿ ಮೂವತ್ತನಾಲ್ಕು ವರ್ಷ ಗೈಡ್ ಆಗಿದ್ದ ಹಬೀಬುಲ್ಲಾ ಸಾಹೇಬರ ಬಾಯಲ್ಲಿ ಕುಂತಲ್ಲಿ ನಿಂತಲ್ಲಿ ಒಂದು ಮಾತು ಬರುತ್ತಿತ್ತು. "ಇಲ್ಲಿಂದ ಒಂದು ಸುರಂಗ ಇತ್ರೀ. ಸರಕಾರದವ್ರು ಮುಚ್ಯಾರ." ಬೀದರಿನವರು ಬಂದರೆ ಸುರಂಗ ಬೀದರಿಗೆ ಹೋಗುತ್ತಿತ್ತು, ಹೈದರಾಬಾದಿನವರು ಬಂದರೆ ಗೋಲ್ಕೊಂಡಕ್ಕೆ. ಮೈಸೂರಿನವರು ಬಂದರೆ, ಪಾಪ, ಅಷ್ಟು ದೂರದಿಂದ ಬಂದಿದ್ದಾರೆ ಎಂದು ಶ್ರೀರಂಗಪಟ್ಟಣದ ತನಕವೂ ಎಳೆದುಬಿಡುತ್ತಿದ್ದರು. ಈ ಮಾತಿನ ಚೆಂದವೇನೆಂದರೆ ಯಾರೂ 'ತೋರಿಸಿ' ಅನ್ನುವಂತಿಲ್ಲ. ಮುಚ್ಚಿದ್ದು ಸರಕಾರ. ಸರಕಾರವನ್ನು ಹೋಗಿ ಕೇಳುವವರು ಯಾರು?

ಇಡೀ ಜಿಲ್ಲೆಯಲ್ಲಿ ಈ ಸುರಂಗವನ್ನು ನಂಬದ ಜೀವ ಒಂದೇ, ಅವರ ಹೆಂಡತಿ ಅಖ್ತರ್ ಬೇಗಂ. ಸುರಂಗವೇನು, ಗಂಡನ ಬಾಯಿಂದ ಬಂದ ಯಾವುದನ್ನೂ ಆಕೆ ಮೂವತ್ತೆಂಟು ವರ್ಷದಿಂದ ನಂಬಿರಲಿಲ್ಲ. ಹೊರಗೆ ಮಳೆ ಬರುತ್ತಿದೆ ಎಂದು ಅವರು ಹೇಳಿದರೆ ಕೈ ಚಾಚಿ ನೋಡಿಯೇ ಒಣಹಾಕಿದ ಬಟ್ಟೆ ತೆಗೆಯುವ ಹೆಂಗಸು ಆಕೆ.

ಈಗ ಗಂಡ ಹೆಂಡತಿ ಇಬ್ಬರೂ ಐರ್ಲೆಂಡಿನ ಬ್ಯಾಲಿನಾಡ್ರಮ್ ಎಂಬ ಊರಿನಲ್ಲಿ ಮಗಳು ಅಲೀನಾಳ ಮನೆಯಲ್ಲಿದ್ದರು. ಡ್ರೋಹೆಡಾಕ್ಕೂ ಡನ್‌ಡಾಕ್‌ಗೂ ನಡುವೆ ಇರುವ ಈ ಊರಿಗೆ ಮಗಳು ಅಳಿಯ ಬಂದದ್ದು ಊರು ಚೆಂದವೆಂದಲ್ಲ, ಬಾಡಿಗೆ ಮನೆ ಸಿಕ್ಕಿತೆಂದು. ಅಳಿಯ ಇಜಾಜ್ ಬೆಳಗಿನ ಐದಕ್ಕೆ ಕಾರು ತೆಗೆದುಕೊಂಡು ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಗೆ ಹೋಗುತ್ತಿದ್ದ. ಅಲೀನಾ ಸಹೋದ್ಯೋಗಿಯೊಬ್ಬಳ ಕಾರಿನಲ್ಲಿ ಡನ್‌ಡಾಕ್‌ನ ಆಫೀಸಿಗೆ ಹೋಗುತ್ತಿದ್ದಳು. ಅಖ್ತರ್ ಬೇಗಂ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತರ ಬಸ್ಸಿನಲ್ಲಿ ಡ್ರೋಹೆಡಾದ ಆಸ್ಪತ್ರೆಗೆ ಹೋಗುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟಿದ್ದವು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಹಬೀಬುಲ್ಲಾ ಜೊತೆಗೆ ಹೋಗಿ ನಾಲ್ಕು ತಾಸು ಪಕ್ಕದ ಕುರ್ಚಿಯಲ್ಲಿ ಕೂತು, ಆಕೆ ನಂಬದ ಕತೆಗಳನ್ನು ಹೇಳಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಕರೆದುಕೊಂಡು ಬರುತ್ತಿದ್ದರು.

ಆ ಬಸ್ಸಿನದೇ ಒಂದು ಕತೆ. ಸಾಧಾರಣ ಬಸ್ಸು ನಿಂತು ಎಷ್ಟೋ ವರ್ಷವಾಗಿತ್ತು. ಊರಿನ ನಿವೃತ್ತ ಪೋಸ್ಟ್ ಮಿಸ್ಟ್ರೆಸ್ ಬ್ರೀಡಾ ಎಂಬ ಮುದುಕಿ ಬಲು ಚಾಲಾಕಿ. ಪಾರಂಪರಿಕ ಮಾರ್ಗಗಳ ಕಚೇರಿ ಎಂಬುದೊಂದಿದೆ, ಪ್ರವಾಸಿಗರಿಗಾಗಿ ಅದು ಬಸ್ಸು ಓಡಿಸುತ್ತದೆ ಎಂದು ಪತ್ತೆಹಚ್ಚಿ, ಅರ್ಜಿ ಹಾಕಿ, ಬಸ್ಸು ತರಿಸಿಬಿಟ್ಟಿದ್ದಳು. ಅದರಲ್ಲಿ ಒಬ್ಬ ಪ್ರವಾಸಿಯೂ ಬಂದದ್ದಿಲ್ಲ. ಇದ್ದವರೆಲ್ಲ ಮಂಡಿನೋವಿನವರು, ಕಣ್ಣಿನ ಪೊರೆಯವರು, ಟೆಸ್ಕೋ ಅಂಗಡಿಯ ಚೀಲದವರು. ಆದರೆ ಕಚೇರಿಯ ನಿಯಮ ಒಂದಿತ್ತು. ಬಸ್ಸು ಊರಿಗೆ ಬರಬೇಕಾದರೆ ಅಲ್ಲಿ ಐದು ಐತಿಹಾಸಿಕ ಹೆಗ್ಗುರುತು ಇರಬೇಕು. ಬ್ಯಾಲಿನಾಡ್ರಮ್‌ನಲ್ಲಿ ಸರಿಯಾಗಿ ಐದಿದ್ದವು. ಜನವರಿಯ ಬಿರುಗಾಳಿಗೆ ಐದನೆಯದಾದ ಮುನ್ನೂರು ವರ್ಷದ ಮರ ಬುಡಮೇಲಾಯಿತು.

ಮಂಗಳವಾರ ಆ ಕಚೇರಿಯ ಇನ್‌ಸ್ಪೆಕ್ಟರ್ ಬರುತ್ತಾನೆ ಎಂದು ಕಾಗದ ಬಂತು. ಅಂಥವರು ಬಂದಾಗ ಊರನ್ನು ಸುತ್ತಿಸಿ ತೋರಿಸುತ್ತಿದ್ದ ಮಾಲಾಕಿ ಎಂಬ ಮುದುಕ ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ. ಭಾನುವಾರ ಬ್ರೀಡಾ ಹಬೀಬುಲ್ಲಾರ ಮನೆಬಾಗಿಲು ತಟ್ಟಿದಳು.

"ನೀವು ಇಂಡಿಯಾದಲ್ಲಿ ಗೈಡ್ ಆಗಿದ್ರಂತೆ. ಅಲೀನಾ ಹೇಳಿದ್ಳು. ಮಂಗಳವಾರ ಒಂದು ಗಂಟೆ ಬಂದು ಮಾತಾಡ್ತೀರಾ?"

ಸೊಂಟಕ್ಕೆ ಏಟು ಬಿದ್ದದ್ದು ಮಾಲಾಕಿಗೆ, ಸ್ವರ್ಗ ಸಿಕ್ಕಿದ್ದು ಹಬೀಬುಲ್ಲಾರಿಗೆ. ಎರಡು ವರ್ಷದಿಂದ ಅವರ ಮಾತನ್ನು ಕೇಳಿದವರೆಂದರೆ ಡಯಾಲಿಸಿಸ್ ಮಷೀನು ಒಂದೇ. ಸೂಟ್‌ಕೇಸಿನ ತಳದಿಂದ ಕಂದು ಬಣ್ಣದ ವೇಸ್ಟ್‌ಕೋಟು ತೆಗೆದರು. ಗೈಡ್ ಕೆಲಸದ ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಬ್ರೀಡಾ ತಾನೇ ಬರೆದು ಕೊಟ್ಟ ಊರಿನ ಇತಿಹಾಸದ ಪುಸ್ತಿಕೆ ನಾಲ್ಕೇ ಪುಟವಿತ್ತು. 'ಆ ಕಾಲದಲ್ಲಿ ದೊಡ್ಡ ಸೈನ್ಯವೊಂದು ಈ ದಾರಿಯಾಗಿ ಹೋಯಿತು. ನಿಲ್ಲಲಿಲ್ಲ. ಮುಂದೆ ರೈಲು ಬರುವುದಿತ್ತು. ಬರಲಿಲ್ಲ.' ಹೀಗೇ ಸಾಗಿತ್ತು ಆ ಇತಿಹಾಸ. ಓದಿ ಹಬೀಬುಲ್ಲಾರ ಕರುಳು ಚುರುಕ್ ಎಂದಿತು. ಇಷ್ಟು ಬಡ ಇತಿಹಾಸವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ನೋಡ್ರಿ," ಅಂದರು ಅಖ್ತರ್ ಬೇಗಂ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. "ಅಲ್ಲಿ ಹೋಗಿ ಬುರುಡಿ ಬಿಡಬ್ಯಾಡ್ರಿ. ಆಕಿ ಏನು ಬರದಾಳ ಅಷ್ಟು ಓದಿ ಬರ್ರಿ. ನನ್ನ ಬಸ್ಸಿನ ಮಾತೈತಿ ಇದು."

"ಒಂದಕ್ಷರ ಹೆಚ್ಚು ಹೇಳಂಗಿಲ್ಲ," ಎಂದರು ಹಬೀಬುಲ್ಲಾ. ಆ ಗಳಿಗೆಯಲ್ಲಿ ಅವರಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಫರ್ಗಲ್ ಸಣಕಲು ಮನುಷ್ಯ. ಹಳದಿ ಜಾಕೀಟು ಹಾಕಿ, ಎದೆಗೆ ರಟ್ಟು ಆನಿಸಿಕೊಂಡು, ಅದರ ಮೇಲಿನ ಫಾರ್ಮು ತುಂಬುತ್ತ ನಡೆಯುತ್ತಿದ್ದ. ನಾಲ್ಕು ಹೆಗ್ಗುರುತಿನ ತನಕ ಹಬೀಬುಲ್ಲಾ ದೇವರಾಣೆಗೂ ಪುಸ್ತಿಕೆ ಬಿಟ್ಟು ಆಚೆ ಹೋಗಲಿಲ್ಲ. ಮೊದಲನೆಯದು ಅರ್ಧಕ್ಕೆ ಮುರಿದ ದುಂಡು ಗೋಪುರ, ಅದಕ್ಕೆ ಹಸುವೊಂದು ಮೈ ತಿಕ್ಕುತ್ತಿತ್ತು. ಚಪ್ಪಾಳೆ ತಟ್ಟಿ ಪ್ರತಿಧ್ವನಿ ತೋರಿಸಲು ಕೈ ತಾನಾಗಿ ಮೇಲೆದ್ದಿತು, ತಡೆದರು. ಎರಡನೆಯದು ಎರಡೂವರೆ ಕಮಾನಿನ ಸೇತುವೆ. ಮೂರನೆಯದು ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ದೋಣಿ. ನಾಲ್ಕನೆಯದು ಎಂಬತ್ತು ವರ್ಷದಿಂದ ಮೂರಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿದ್ದ ಗಡಿಯಾರ. ಒಂದೊಂದಕ್ಕೂ ಫರ್ಗಲ್ ಸರಿ ಎಂದು ಗುರುತು ಹಾಕಿದ.

"ಐದು?" ಎಂದ.

ಬ್ರೀಡಾ ಮರದ ಬೊಡ್ಡೆಯ ಕಡೆ ಕೈ ತೋರಿಸಿದಳು. "ಬೊಡ್ಡೆ ಹೆಗ್ಗುರುತಲ್ಲ," ಎಂದು ಫರ್ಗಲ್ ಪೆನ್ನಿನ ಮುಚ್ಚಳ ಹಾಕತೊಡಗಿದ. ಬ್ರೀಡಾ ತನ್ನ ಬೂಟು ನೋಡುತ್ತ ನಿಂತಳು.

ಹಬೀಬುಲ್ಲಾ ಆ ಪೆನ್ನಿನ ಮುಚ್ಚಳವನ್ನೇ ನೋಡುತ್ತಿದ್ದರು. ಅದು ಟಕ್ ಎಂದರೆ ಬಸ್ಸು ಹೋಯಿತು. ಬಸ್ಸು ಹೋದರೆ ಅಖ್ತರಳ ಎಡಗೈಗೆ ಸೂಜಿ ಚುಚ್ಚುವ ಆ ಕುರ್ಚಿ ಹೋಯಿತು. ಬಾಯಿ ಅವರನ್ನು ಕೇಳದೆ ತಾನೇ ತೆರೆದುಕೊಂಡಿತು.

"ಸರ್, ಒನ್ ಮಿನಿಟ್. ಇಲ್ಲಿಂದ ಒಂದು ಸುರಂಗ ಇತ್ತು. ಸರಕಾರದವರು ಮುಚ್ಚಿದ್ದಾರೆ."

ಹೇಳಿ, ಗೋಪುರದ ಎದುರಿನ ರಸ್ತೆಯ ಮೇಲೆ ಹಿಮ್ಮಡಿಯಿಂದ ಒಂದು ಒದೆ ಕೊಟ್ಟರು. ಎಂಥ ಗಟ್ಟಿ ನೆಲವನ್ನಾದರೂ 'ಡುಬ್' ಅನ್ನಿಸುವ ಒದೆ ಅದು. ಮೂವತ್ತನಾಲ್ಕು ವರ್ಷದ ಸಾಧನೆ.

ಫರ್ಗಲ್ ಮುಚ್ಚಳ ತೆಗೆದ. "ಎಲ್ಲಿಗೆ ಹೋಗುತ್ತೆ?"

"ಡನ್‌ಡಾಕ್‌ಗೆ."

"ಯಾವ ಸರಕಾರ ಮುಚ್ಚಿದ್ದು?"

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಆಗಿನ ಸರಕಾರ," ಎಂದರು ಹಬೀಬುಲ್ಲಾ ಗಂಭೀರವಾಗಿ. ಫರ್ಗಲ್ ಅದನ್ನೂ ಬರೆದುಕೊಂಡ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮಲ್ಲೇ ಇದ್ದಾರೆ ಎಂದುಕೊಂಡಿದ್ದರು ಹಬೀಬುಲ್ಲಾ. ಬ್ಯಾಲಿನಾಡ್ರಮ್‌ನವರು ಆ ಎತ್ತಿನ ಹಾಲು ಕರೆದು ಬೆಣ್ಣೆಯನ್ನೇ ತೆಗೆದರು. ಮಾಲಾಕಿ ತನ್ನ ದೊಡ್ಡಪ್ಪ ಆ ಸುರಂಗದಲ್ಲಿ ಮೂರು ದಿನ ಅಡಗಿದ್ದನೆಂದು ಹಾಸಿಗೆಯಿಂದಲೇ ಹೇಳಿಕಳಿಸಿದ. ಬ್ರೀಡಾಳ ಅಜ್ಜಿ ಅದರೊಳಗಿಂದ ಪಿಟೀಲಿನ ದನಿ ಕೇಳಿದ್ದಳಂತೆ. ಮಾಂಸದಂಗಡಿಯವನು ನೆಲಮಾಳಿಗೆಯ ಗೋಡೆಗೆ ಕಿವಿ ಕೊಟ್ಟು, ತಣ್ಣನೆ ಗಾಳಿ ಬರುತ್ತಿದೆ, ಅದು ಡನ್‌ಡಾಕ್ ಕಡೆಯ ಗಾಳಿಯೇ ಎಂದ. ಹಬೀಬುಲ್ಲಾ ಬೀದಿಯಲ್ಲಿ ಹೋದರೆ ಜನ ಟೋಪಿ ಮುಟ್ಟಿ ನಮಸ್ಕರಿಸುತ್ತಿದ್ದರು. ಅವರಿಗೂ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಹೆಂಡತಿಯ ಮುಂದೆ ಮಾತ್ರ ಸುರಂಗದ ಸುದ್ದಿ ಎತ್ತಲಿಲ್ಲ.

ಹತ್ತು ದಿನಕ್ಕೆ ಕಚೇರಿಯ ಕಾಗದ ಬಂತು. ಬ್ರೀಡಾ ಅದರ ಒಂದು ಪ್ರತಿಯನ್ನು ಮನೆಗೇ ತಂದುಕೊಟ್ಟಳು. ಸಂಜೆ ಅಲೀನಾ ಅದನ್ನು ಅಡಿಗೆಮನೆಯ ಮೇಜಿನ ಮುಂದೆ ಓದಿ ಹೇಳಿದಳು. ಮೊದಲ ಪುಟದಲ್ಲಿ ಅಭಿನಂದನೆ. ಐದನೆಯ ಹೆಗ್ಗುರುತಾಗಿ ಸುರಂಗವನ್ನು ಅಂಗೀಕರಿಸಲಾಗಿದೆ. ಪುಟ ತಿರುವಿದಳು. ಅವಳ ಮುಖ ಇಳಿಯಿತು.

"ಅಬ್ಬಾಜಾನ್, ಏನ್ ಮಾಡ್ಬಿಟ್ರಿ ನೀವು? ರಸ್ತೆ ಕೆಳಗಡೆ ಟೊಳ್ಳಿದೆ ಅಂತ ಬರ್ದಿದ್ದಾರೆ. ಎಷ್ಟು ಆಳ ಅಂತ ಗೊತ್ತಿಲ್ವಂತೆ. ಮುಚ್ಚಿದ್ದಕ್ಕೆ ಸರಕಾರದಲ್ಲಿ ಯಾವ ದಾಖಲೇನೂ ಇಲ್ಲ, ಅದಕ್ಕೆ ತೆರೆದೇ ಇದೆ ಅಂತ ಲೆಕ್ಕ. ಒಂದನೇ ತಾರೀಖಿನಿಂದ ಮೂರು ಟನ್ನಿಗಿಂತ ಭಾರದ ಗಾಡಿ ಆ ರಸ್ತೆ ಮೇಲೆ ಹೋಗೋ ಹಾಗಿಲ್ಲ."

"ಬಸ್ಸು ಎಷ್ಟು ಟನ್ ಐತಿ?" ಎಂದು ಕೇಳಿದರು ಅಖ್ತರ್ ಬೇಗಂ.

"ಹನ್ನೆರಡು, ಅಮ್ಮಿ."

ತಾ ತೋಡಿದ ಹಳ್ಳಕ್ಕೆ ತಾನೇ ಬಿದ್ದವರನ್ನು ನೀವು ನೋಡಿರಬಹುದು. ತೋಡದೇ ಇದ್ದ ಹಳ್ಳಕ್ಕೆ ಬಿದ್ದವರು ಹಬೀಬುಲ್ಲಾ ಒಬ್ಬರೇ. ಹೆಂಡತಿ ಬೈಯುತ್ತಾಳೆಂದು ಕಾದರು. ಆಕೆ ಬೈಯಲಿಲ್ಲ. ಎಡತೋಳಿನ ಉಬ್ಬಿದ ನರವನ್ನು ಬೆರಳಿಂದ ಮೆಲ್ಲಗೆ ಸವರುತ್ತ ಕೂತರು. ಅದು ಬೈಗುಳಕ್ಕಿಂತ ಸಾವಿರ ಪಾಲು ಕೆಟ್ಟದ್ದು.

"ನಾನು ಕೆಲ್ಸ ಬಿಡ್ತೀನಿ," ಎಂದಳು ಅಲೀನಾ. "ಇನ್ನೊಂದು ಹಳೇ ಕಾರು ತಗೊಂಡು ನಾನೇ ಕರ್ಕೊಂಡು ಹೋಗ್ತೀನಿ. ಬೇರೆ ದಾರಿ ಇಲ್ಲ."

"ಬಿಡಬ್ಯಾಡ," ಎಂದರು ಅಖ್ತರ್ ಬೇಗಂ. ಅಷ್ಟೇ ಹೇಳಿ ಎದ್ದು ಹೋದರು.

ಹಬೀಬುಲ್ಲಾ ನಾಚಿಕೆಯಿಂದ ಹಿಡಿಯಷ್ಟಾಗಿಹೋದರು. ಮರುದಿನ ಬೆಳಿಗ್ಗೆ ಬ್ರೀಡಾಳ ಮನೆಗೆ ಹೋಗಿ, ಟೋಪಿ ತೆಗೆದು, ಸುರಂಗ ಗಿರಂಗ ಏನೂ ಇಲ್ಲ, ಬಾಯಿತಪ್ಪಿ ಹೇಳಿದೆ ಎಂದು ಒಪ್ಪಿಕೊಂಡರು. ಬ್ರೀಡಾ ಮುಖ ಗಂಟಿಕ್ಕಿದಳು.

"ನನಗೂ ಬಸ್ಸು ಬೇಕು. ಆದ್ರೆ ನಮ್ಮಜ್ಜಿ ಪಿಟೀಲು ಕೇಳಿದ್ದಾಳೆ. ಅವಳನ್ನ ಸುಳ್ಳಿ ಅಂತೀರಾ?"

"ಆ ಮಾತು ನಿಮಗೆ ನೆನಪಾದದ್ದು ಯಾವಾಗ?"

"ಹೋದ ಗುರುವಾರ," ಎಂದಳು ಬ್ರೀಡಾ, ಒಂಚೂರೂ ಅಳುಕದೆ.

ಫರ್ಗಲ್‌ಗೆ ಫೋನು ಮಾಡಿದರು. ಹೆಗ್ಗುರುತನ್ನು ಹಿಂತೆಗೆದುಕೊಳ್ಳಬೇಕಾದರೆ ಸಾರ್ವಜನಿಕ ವಿಚಾರಣೆ ಆಗಬೇಕು, ಹೇಳಿದವನೇ ಬಂದು ತಾನು ಸುಳ್ಳುಗಾರನೆಂದು ಸಾಕ್ಷಿಸಮೇತ ಸಾಬೀತುಪಡಿಸಬೇಕು, ಅದಕ್ಕೊಂದು ಫಾರ್ಮಿದೆ ಎಂದ. ಜೀವಮಾನವಿಡೀ ನಂಬಿಸುವುದನ್ನೇ ಕಸುಬು ಮಾಡಿಕೊಂಡವರಿಗೆ ಈಗ ನಂಬಬೇಡಿ ಎಂದು ನಂಬಿಸುವ ಕೆಲಸ ಬಂತು. ಸಾಕ್ಷಿ ಯಾರು? ಅದಕ್ಕೆ ಮಾತ್ರ ದೂರ ಹೋಗಬೇಕಿರಲಿಲ್ಲ.

"ನೀ ಬಂದು ಹೇಳಬೇಕು," ಎಂದರು ಹೆಂಡತಿಗೆ, ಅವರ ಮುಖ ನೋಡದೆ. "ನಾ ಸುಳ್ಳಾಡ್ತೀನಿ ಅಂತ. ಎಲ್ಲಾರ ಮುಂದ."

"ಇಷ್ಟು ದಿನ ಮನ್ಯಾಗ ಪುಕ್ಕಟೆ ಹೇಳ್ತಿದ್ನಲ್ಲ," ಎಂದರು ಅಖ್ತರ್ ಬೇಗಂ. ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು. ಹಬೀಬುಲ್ಲಾರಿಗೆ ಹೋದ ಜೀವ ಬಂದಂತಾಯಿತು.

ಗುರುವಾರ ಹನ್ನೊಂದಕ್ಕೆ ಚರ್ಚಿನ ಪಕ್ಕದ ಹಾಲಿನಲ್ಲಿ ವಿಚಾರಣೆ. ಊರಿಗೆ ಊರೇ ಬಂದಿತ್ತು. ಮಾಲಾಕಿಯನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಬಿಸ್ಕೀಟು, ಚಹಾ ಎಲ್ಲ ಇತ್ತು. ಅಖ್ತರ್ ಬೇಗಂ ಒಳ್ಳೆಯ ಸೀರೆ ಉಟ್ಟು, ಮೇಲೆ ಸ್ವೆಟರು ಹಾಕಿ, ಮುಂದಿನ ಕುರ್ಚಿಯಲ್ಲಿ ಕೂತರು. ರಜೆ ಹಾಕಿ ಬಂದಿದ್ದ ಅಲೀನಾ ಅವರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಲು ಪಕ್ಕದಲ್ಲಿ ನಿಂತಳು, ಮುಖವನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ.

"ನಿಮ್ಮ ಗಂಡ ಸುಳ್ಳು ಹೇಳ್ತಾರಾ?" ಎಂದು ಕೇಳಿದ ಫರ್ಗಲ್.

"ಬಾಯಿ ಬಿಟ್ರ ಅದೇ. ಮದುವಿ ಮುಂಚೆ ಮೋಟರ್‌ಸೈಕಲ್ ಐತಿ ಅಂದ್ರು. ನೋಡಿದ್ರ ಅದು ಇವರ ಗೆಳ್ಯಾಂದು. ಗುಮ್ಮಟ ಕಟ್ಟಿದ ಮೇಸ್ತ್ರಿ ನಮ್ಮ ಮುತ್ಯಾನ ಮುತ್ಯಾ ಅಂತಿದ್ರು. ಇವರ ಮುತ್ಯಾ ಮುಧೋಳದಾಗ ಎಣ್ಣಿ ಮಾರ್ತಿದ್ದ. ನನಗ ಕಿಡ್ನಿ ಹೋದಾಗ ಡಾಕ್ಟರ್ ಏನಂದ್ರು ಅಂತ ಕೇಳಿದ್ರ, ಏನಿಲ್ಲ, ಎಂಟು ದಿನದಾಗ ಆರಾಮ ಆಕ್ಕೈತಿ ಅಂದ್ರು." ಆಕೆ ಸ್ವೆಟರಿನ ತೋಳು ಎಳೆದುಕೊಂಡರು. "ಹೊರಗ ಹೋಗಿ ಅತ್ತು ಬಂದು ಹಂಗ ಅಂದ್ರು. ಇಲ್ಲಿಗೆ ಬರೂ ಮುಂದ, ಐರ್ಲೆಂಡಿನ್ಯಾಗ ಬ್ಯಾಸಗಿ ಐತಿ ಅಂತನೂ ಅಂದ್ರು."

ಅಲೀನಾ ಕೊನೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಲೇ ಹಾಲಿನಲ್ಲಿ ಗುಜುಗುಜು ಎದ್ದಿತು. ಇದು ನಿಜಕ್ಕೂ ದೊಡ್ಡ ಸುಳ್ಳೆಂದು ಎಲ್ಲರೂ ಒಪ್ಪಿದರು. ಹಬೀಬುಲ್ಲಾ ತಲೆ ತಗ್ಗಿಸಿ ಕೂತಿದ್ದರು. ಹೊರಗೆ ಹೋಗಿ ಅತ್ತದ್ದು ಆಕೆಗೆ ಗೊತ್ತಿತ್ತೆಂಬುದು ಅವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಫರ್ಗಲ್ ಫಾರ್ಮಿನ ಮೇಲೆ ಮುದ್ರೆ ಒತ್ತಿದ. "ಗ್ರ್ಯಾಂಡ್, ಸರಿಯಾಯ್ತು. ಇವರು ಸುಳ್ಳುಗಾರರು ಅಂತ ಅಧಿಕೃತವಾಗಿ ದಾಖಲಾಯ್ತು." ಹಬೀಬುಲ್ಲಾ ನಿಟ್ಟುಸಿರು ಬಿಟ್ಟರು. ಫರ್ಗಲ್ ಪುಟ ತಿರುವಿದ. "ಈಗ ಸುರಂಗ ಇಲ್ಲ ಅಂತ ಹೇಳ್ತಿರೋದು ಯಾರು?"

"ನಾನೇ," ಎಂದರು ಹಬೀಬುಲ್ಲಾ.

"ಅಂದ್ರೆ ಒಬ್ಬ ಅಧಿಕೃತ ಸುಳ್ಳುಗಾರ ಸುರಂಗ ಇಲ್ಲ ಅಂತಿದ್ದಾರೆ. ಇದೆ ಅಂತ ಹೇಳೋಕೆ ಹನ್ನೊಂದು ಜನ ಮರ್ಯಾದಸ್ಥರು ಇಲ್ಲೇ ಕೂತಿದ್ದಾರೆ." ಹನ್ನೊಂದು ಜನ ಮರ್ಯಾದೆಯಿಂದ ತಲೆದೂಗಿದರು. "ಸುರಂಗ ಇದೆ. ಭಾರದ ಮಿತಿ ಮುಂದುವರಿಯುತ್ತೆ."

ಅತ್ತ ದರಿ ಇತ್ತ ಪುಲಿ. ಸುಳ್ಳು ಹೇಳಿ ಸುರಂಗ ಕೊರೆದಿದ್ದರು, ನಿಜ ಹೇಳಿ ಅದಕ್ಕೆ ಗಚ್ಚು ಬಳಿದಂತಾಯಿತು. ಹಬೀಬುಲ್ಲಾರ ಕಣ್ಣಲ್ಲಿ ನೀರು ತುಂಬಿತು. ಮುದುಕನಾದವನು ನಾಲ್ಕು ಜನರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದರು.

ಅಖ್ತರ್ ಬೇಗಂ ಮಗಳ ಕಡೆ ತಿರುಗಿದರು. "ಏನಂತಾನ ಅಂವ?" ಅಲೀನಾ ವಿವರಿಸಿದಳು. ಆಕೆ ಸೆರಗು ಸರಿಮಾಡಿಕೊಂಡು ಮತ್ತೆ ಎದ್ದು ನಿಂತರು.

"ಐತಿ ಅಂದ್ರ ಮುಚ್ಚರಿ. ನಮ್ಮ ಜಿಲ್ಲಾದಾಗ ಸರಕಾರ ಎಷ್ಟು ಸುರಂಗ ಮುಚ್ಚೈತಿ, ನನ್ನ ಗಂಡನ್ನ ಕೇಳ್ರಿ, ದಿನಾ ಒಂದು ಹೊಸಾದು ಮುಚ್ಚತಿತ್ತು. ನಿಮ್ಮ ಸರಕಾರಕ್ಕ ಒಂದು ಮುಚ್ಚೂದು ಆಗಂಗಿಲ್ಲೇನು?"

ಇದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಫರ್ಗಲ್‌ನ ಕಿವಿ ಕೆಂಪಾದವು. ಇಂಡಿಯಾದ ಒಂದು ಜಿಲ್ಲೆ ದಿನಕ್ಕೊಂದು ಸುರಂಗ ಮುಚ್ಚುತ್ತದೆಂದರೆ ಇದು ಒಂದು ದೇಶದ ಮಾನದ ಪ್ರಶ್ನೆ. ನಿಯಮಗಳ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಮಗುಚಿದ. ಮುಚ್ಚಿದ ಸುರಂಗದ ಮೇಲೆ ಭಾರದ ಮಿತಿ ಇಲ್ಲ. ಎದುರಿಗೆ ಒಂದು ಫಲಕ ಹಾಕಿದರೆ ಹೆಗ್ಗುರುತಾಗಿಯೂ ಉಳಿಯುತ್ತದೆ.

ಶನಿವಾರ ಒಬ್ಬ ಎಂಜಿನಿಯರು ಕಾಂಕ್ರೀಟ್ ಲಾರಿ ಸಮೇತ ಬಂದ. ಲಾರಿಯನ್ನು ದೂರದಲ್ಲೇ ನಿಲ್ಲಿಸಿದರು, ರಸ್ತೆ ಕುಸಿಯುತ್ತದೆಂದು. ಗೋಪುರದ ಎದುರು ಅಗೆದರು. ಒಂದು ಮೀಟರು ಮಣ್ಣು, ಅದರ ಕೆಳಗೆ ಬಂಡೆ. ಇನ್ನೂ ಮೂರು ಕಡೆ ಕೊರೆದು ನೋಡಿದರು. ಬಂಡೆ, ಬಂಡೆ, ಬಂಡೆ. ಹಬೀಬುಲ್ಲಾ ಗುಂಡಿಯ ಅಂಚಿಗೆ ಬಂದು ಇಣುಕಿದರು. ಇನ್ನು ಸುರಂಗವೇ ಇಲ್ಲ ಅನ್ನುತ್ತಾನೆ, ನಾಲ್ಕೇ ಹೆಗ್ಗುರುತು ಅನ್ನುತ್ತಾರೆ. ಎಂಜಿನಿಯರು ಗುಂಡಿಗೆ ಇಳಿದ, ಬಂಡೆಯನ್ನು ಸುತ್ತಿಗೆಯಿಂದ ಬಡಿದ, ಮೆಚ್ಚುಗೆಯಿಂದ ತಲೆ ಆಡಿಸಿದ, ವರದಿ ಬರೆದ. 'ಸುರಂಗವನ್ನು ಹಿಂದೆಯೇ ಪೂರ್ತಿಯಾಗಿ ತುಂಬಲಾಗಿದೆ. ಎಲ್ಲಿಯೂ ಸಂದು ಉಳಿದಿಲ್ಲ. ಕೆಲಸ ಅತ್ಯುತ್ತಮ. ಈಗಿನವರಿಗೆ ಇಂಥ ಕೆಲಸ ಬರುವುದಿಲ್ಲ.'

ಭಾನುವಾರ ಫಲಕ ಬಂತು. ನೀಲಿ ಬಣ್ಣದ್ದು, ಕೆಳಗೆ ಸರಕಾರದ ಮುದ್ರೆ. ಪರದೆ ಸರಿಸಿ ಓದಲು ಹಬೀಬುಲ್ಲಾರನ್ನೇ ಕರೆದರು. ವೇಸ್ಟ್‌ಕೋಟು ಹಾಕಿ, ಬಿಲ್ಲೆ ಚುಚ್ಚಿಕೊಂಡು ಮುಂದೆ ಬಂದರು. 'ಇಲ್ಲಿಂದ ಒಂದು ಸುರಂಗವಿತ್ತು. ಸರಕಾರದವರು ಮುಚ್ಚಿದ್ದಾರೆ.' ಹತ್ತಿಪ್ಪತ್ತು ಸಾವಿರ ಸಲ ಹೇಳಿದ ಮಾತು. ಮುದ್ರೆ ಬಿದ್ದದ್ದು ಇದೇ ಮೊದಲು. ಅರ್ಧ ಓದಿ ಆ ಮುದ್ರೆಯನ್ನು ಬೆರಳಿಂದ ಸವರುತ್ತ ನಿಂತುಬಿಟ್ಟರು, ಉಳಿದರ್ಧವನ್ನು ಬ್ರೀಡಾ ಓದಿದಳು.

ಸೋಮವಾರ ಒಂಬತ್ತು ಹತ್ತಕ್ಕೆ ಬಸ್ಸು ಬಂತು. ಅಖ್ತರ್ ಬೇಗಂ ಕಿಟಕಿಯ ಪಕ್ಕ ಕೂತರು, ಹಬೀಬುಲ್ಲಾ ಇತ್ತ ಕಡೆ. ಅವರ ಜೊತೆ ಮಂಡಿನೋವಿನವರು, ಕಣ್ಣಿನ ಪೊರೆಯವರು, ಟೆಸ್ಕೋ ಚೀಲದವರು. ಬಸ್ಸು ಗಡಿಯಾರ ದಾಟಿತು, ಕಲ್ಲಿನ ದೋಣಿ ದಾಟಿತು. ಗೋಪುರದ ಎದುರಿನ ನೀಲಿ ಫಲಕ ಕಂಡಿತು.

ಹಬೀಬುಲ್ಲಾ ಪಕ್ಕಕ್ಕೆ ನೋಡಿದರು. ನಲವತ್ತು ಜನರ ಮುಂದೆ ಅವರನ್ನು ಸುಳ್ಳುಗಾರನೆಂದು ಮುದ್ರೆ ಒತ್ತಿಸಿದ ಆ ಹೆಂಗಸು ಎರಡೂ ಕಾಲನ್ನು ಬಸ್ಸಿನ ನೆಲದಿಂದ ಎತ್ತಿ ಹಿಡಿದಿದ್ದರು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ತುಟಿ 'ಬಿಸ್ಮಿಲ್ಲಾ' ಎಂದು ಅಲುಗುತ್ತಿತ್ತು. ಬಲಗೈ ಗಂಡನ ಮುಂಗೈಯನ್ನು ಹಿಡಿದಿತ್ತು.

"ಏನ ಇದು?" ಎಂದು ಪಿಸುಗುಟ್ಟಿದರು ಹಬೀಬುಲ್ಲಾ. "ಕೆಳಗ ಬಂಡಿಗಲ್ಲು ಐತಿ. ಎಂಜಿನಿಯರ್ ನೋಡ್ಯಾನ. ನಿನಗೂ ಗೊತ್ತೈತಿ."

"ಸುಮ್ನ ಕೂಡ್ರಿ," ಎಂದರು ಅಖ್ತರ್ ಬೇಗಂ, ಕಣ್ಣು ತೆರೆಯದೆ. "ದಾಟೇತೇನು ಹೇಳ್ರಿ."

ಹಬೀಬುಲ್ಲಾ ಹಿಂದಿನ ಗಾಜಿನ ಕಡೆ ತಿರುಗಿ ನೋಡಿದರು. ಫಲಕ ಸಣ್ಣದಾಗುತ್ತ ಹೋಗುತ್ತಿತ್ತು.

"ದಾಟೇತಿ," ಎಂದರು.

ಆಕೆ ಕಣ್ಣು ತೆರೆದು ನೋಡಲಿಲ್ಲ. ಕಾಲು ಕೆಳಗಿಟ್ಟರು.